ಮುದ್ರೆಯ ಕೆಳಗೆ ಹಸಿರು ಶಾಯಿ

ಸೆಪ್ಟೆಂಬರ್ 4, ಸೋಮವಾರ

ಹೊಸ ನಿಯಮ ಇವತ್ತಿನಿಂದ. ಪ್ರತಿ ವಾರ ಪ್ರತಿ ಮಗುವಿನ ನೋಟ್‌ಬುಕ್ ತಿದ್ದಬೇಕು, ಭಾಷೆ ಕಲಿಸುವ ನನಗೆ ಪ್ರಬಂಧದ್ದು. ನಮ್ಮ ಸಲಹೆ ಕೆಂಪು ಶಾಯಿಯಲ್ಲಿ, ಅದರ ಕೆಳಗೆ ಮಕ್ಕಳ ಉತ್ತರ ಹಸಿರು ಶಾಯಿಯಲ್ಲಿ. ಸಲಹೆಯನ್ನು ಬಾಯಲ್ಲೇ ಹೇಳಿದ್ದರೆ 'ಮೌಖಿಕ ಸಲಹೆ ನೀಡಲಾಗಿದೆ' ಎಂಬ ರಬ್ಬರ್ ಮುದ್ರೆ ಒತ್ತಿ ದಿನಾಂಕ ಹಾಕಬೇಕು. ಏನು ಹೇಳಿದೆವು ಎಂಬುದನ್ನು ಆ ಮಗುವೇ ಹಸಿರಿನಲ್ಲಿ ಬರೆಯಬೇಕು. ಅದು ಸಾಕ್ಷಿ. "ಕಾಗದದ ಮೇಲೆ ಇಲ್ಲದ್ದು ನಡೆದೇ ಇಲ್ಲ ಅಂತ ತಿಳ್ಕೊಳ್ಳಿ" ಎಂದರು ದೊಡ್ಡ ಮೇಡಂ. ಮುಖ್ಯೋಪಾಧ್ಯಾಯಿನಿಗೆ ಈ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಎತ್ತರದಲ್ಲಿ ಅವರು ನನ್ನ ಭುಜಕ್ಕೆ ಬರುತ್ತಾರೆ.

ನನಗೆ ನಾಲ್ಕು ತರಗತಿ, ತಲಾ ನಲವತ್ತೊಂದು ಮಕ್ಕಳು. ನೂರ ಅರವತ್ನಾಲ್ಕು. ನೋಟ್‌ಬುಕ್ಕಿಗೆ ಆರು ನಿಮಿಷವೆಂದರೂ ವಾರಕ್ಕೆ ಹದಿನಾರು ಗಂಟೆ ಇಪ್ಪತ್ನಾಲ್ಕು ನಿಮಿಷ. ಎರಡು ಸಲ ಗುಣಿಸಿ ನೋಡಿದೆ. ಕಡಿಮೆಯಾಗಲಿಲ್ಲ.

28ರಂದು ಪರಿಶೀಲನಾ ಸಮಿತಿ ಬರುತ್ತದೆ. ನನ್ನದು ಎಂಟನೇ ಬಿ ತೋರಿಸುವುದೆಂದು ಆಗಿದೆ. ಈ ಶಾಲೆಯಲ್ಲಿ ಮೂರು ವರ್ಷದಿಂದ ತಾತ್ಕಾಲಿಕವಾಗಿರುವ ನನ್ನನ್ನು ಕಾಯಂ ಮಾಡುವುದು, ಬಿಡುವುದು ಅವರು ಆ ದಿನ ನೋಡುವ ನೋಟ್‌ಬುಕ್‌ಗಳ ಮೇಲೆ.

ಸೆಪ್ಟೆಂಬರ್ 6, ಬುಧವಾರ

ಬೆಳಿಗ್ಗೆ ಐದಕ್ಕೆ ಎದ್ದು ಹತ್ತೊಂಬತ್ತು ನೋಟ್‌ಬುಕ್. ಬಸ್ಸಿನಲ್ಲಿ ಎರಡು, ರಸ್ತೆಯ ಗುಂಡಿಗೆ ಪೆನ್ನು ಹಾರಿ ಒಬ್ಬಳ ಹೆಸರಿನ ಮೇಲೇ ಕೆಂಪು ಗೆರೆ ಬಿತ್ತು. ಬಿಡುವಿನ ಅವಧಿಯಲ್ಲಿ ಏಳು. 'ಇನ್ನೂ ವಿವರವಾಗಿ ಬರೆ' ಎಂದು ಹದಿನೇಳು ಸಲ ಬರೆದೆ. ಎಣಿಸುವ ಅಗತ್ಯವಿರಲಿಲ್ಲ, ಎಣಿಸಿದೆ.

ಸೆಪ್ಟೆಂಬರ್ 7, ಗುರುವಾರ

ಒಂಬತ್ತನೇ ಎ ತರಗತಿಯ ಹಸಿರು ಉತ್ತರಗಳು ಬಂದವು. 'ಆಯಿತು ಮಿಸ್' ಇಪ್ಪತ್ತೊಂಬತ್ತು. 'ಸರಿ ಮಿಸ್' ಆರು. ಐವರು ಬರೆದೇ ಇಲ್ಲ. ನನ್ನ 'ವಿವರವಾಗಿ ಬರೆ'ಯ ಕೆಳಗೆ ಒಬ್ಬ, ಹಾಜರಿ ಸಂಖ್ಯೆ 16, 'ಯಾವುದನ್ನು?' ಎಂದು ಕೇಳಿದ್ದಾನೆ. ನ್ಯಾಯವಾದ ಪ್ರಶ್ನೆ. ಉತ್ತರಿಸಲು ಅವನ ಪ್ರಬಂಧವನ್ನು ಮತ್ತೆ ಓದಬೇಕು. ಪಕ್ಕಕ್ಕಿಟ್ಟೆ.

ಸಂಜೆ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ? ಒಂದು ಕಡೆ ಕೂತ್ಕೊಂಡು ತಿದ್ದು."

"ಕೂತ್ರೆ ಕೈ ಓಡಲ್ಲ."

"ನಿಂತ್ರೂ ಓಡ್ತಿಲ್ಲ. ಆಗಿನಿಂದ ಅದೇ ಪುಟ ಹಿಡ್ಕೊಂಡು ಸುತ್ತುತಿದೀಯ."

ಸೆಪ್ಟೆಂಬರ್ 9, ಶನಿವಾರ

ಎಪ್ಪತ್ತೆಂಟು ಬಾಕಿ. ಲೆಕ್ಕದ ಮೇಷ್ಟ್ರ ಮೇಜು ಮಾತ್ರ ಒರೆಸಿಟ್ಟ ಹಾಗಿತ್ತು.

"ತಿದ್ದಿ ಮುಗೀತಾ ಮೇಷ್ಟ್ರೇ?"

"ಶುರು ಮಾಡಿದ್ರೆ ತಾನೇ ಮುಗಿಯೋದು?" ಎಂದು ಡ್ರಾಯರ್ ಎಳೆದು ಮುದ್ರೆ ತೋರಿಸಿದರು. "ಮೇಡಂ, ಕೆಂಪು ಪೆನ್ನು ಬಡವರ ಆಯುಧ. ಇದು ನೋಡಿ, ಒಂದೇ ಏಟು."

"ಅಷ್ಟೂ ಮಕ್ಕಳ ಹತ್ರ ಮಾತಾಡಿದೀರಾ?"

"ದಿನಾ ಬೈತೀನಲ್ಲ. ಅದು ಮೌಖಿಕ ಅಲ್ವಾ?"

ನಕ್ಕೆ. ಮನೆಗೆ ಹೊರಡುವಾಗ ನೋಡಿದರೆ ಮುದ್ರೆಯೂ ಶಾಯಿಯ ಡಬ್ಬಿಯೂ ನನ್ನ ಚೀಲದಲ್ಲಿದ್ದವು. ನಾನೇ ಕೇಳಿ ಪಡೆದಿದ್ದೆ. ಕೇಳಿದ್ದು ಮಾತ್ರ ಸರಿಯಾಗಿ ನೆನಪಿಲ್ಲ.

ಸೆಪ್ಟೆಂಬರ್ 11, ಸೋಮವಾರ

ಎಂಟನೇ ಬಿ, ನಲವತ್ತೊಂದು ನೋಟ್‌ಬುಕ್, ಹನ್ನೊಂದು ನಿಮಿಷ. ಪ್ರಾರ್ಥನೆಯ ಗಂಟೆಗೆ ಮುಂಚೆ, ತರಗತಿಯಲ್ಲಿ ಯಾರೂ ಇಲ್ಲದಾಗ. ಶುಕ್ರವಾರ, 8ನೇ ತಾರೀಖಿನ ದಿನಾಂಕ ಹಾಕಿದೆ. ಆ ದಿನ ಅವರಿಗೆ ಪ್ರಬಂಧ ಬರೆಸಿದ್ದೆ. ವಿಷಯ 'ನಾನು ನೋಡಿದ ಒಂದು ಕೆಲಸ'. ಬೆಂಚುಗಳ ನಡುವೆ ಓಡಾಡಿದ್ದೂ ಹೌದು. ಓಡಾಡುವಾಗ ಏನಾದರೂ ಹೇಳಿಯೇ ಇರುತ್ತೇನೆ.

ಹೆಬ್ಬೆರಳಿಗೆ ನೀಲಿ ಬಣ್ಣ ಹತ್ತಿದೆ. ಸೋಪಿಗೆ ಹೋಗುತ್ತಿಲ್ಲ.

ಸೆಪ್ಟೆಂಬರ್ 13, ಬುಧವಾರ

ಒಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಮುದ್ರೆ ಒತ್ತಿದ ಮೇಲೆ, ನಾನು ಏನು ಹೇಳಿದೆನೆಂದು ನಲವತ್ತೊಂದು ಮಕ್ಕಳೂ ಬರೆಯಬೇಕಲ್ಲ. ಬರೆದಿದ್ದಾರೆ. ನಾನು ಆಡದ ನಲವತ್ತು ಮಾತುಗಳು.

ಹದಿನಾಲ್ಕು ಜನರಿಗೆ 'ಅಕ್ಷರ ದುಂಡಗಿರಲಿ' ಎಂದಿದ್ದೇನೆ. ಸಂಖ್ಯೆ 4: 'ಮಿಸ್ ತುಂಬಾ ಬೈದರು. ಇನ್ನು ಮುಂದೆ ಬೈಯಿಸಿಕೊಳ್ಳುವುದಿಲ್ಲ.' ಸಂಖ್ಯೆ 37: 'ನಿನಗೆ ಬುದ್ಧಿಯಿದೆ, ಆದರೆ ಉಪಯೋಗಿಸುವುದಿಲ್ಲ ಎಂದರು. ಅಪ್ಪನೂ ಇದನ್ನೇ ಹೇಳುತ್ತಾರೆ.' ಸಂಖ್ಯೆ 11: 'ಮಿಸ್ ನನ್ನ ತಲೆ ಸವರಿದರು.' ನಾನು ಇದುವರೆಗೆ ಯಾವ ಮಗುವಿನ ತಲೆಯನ್ನೂ ಮುಟ್ಟಿಲ್ಲ.

ಮೊದಲಿಗೆ ನಗು ಬಂತು. ಅಕ್ಕನಿಗೆ ಓದಿ ಹೇಳಬೇಕೆಂದುಕೊಂಡು ಪುಟ ಮಡಿಸಿಟ್ಟೆ. ಆಮೇಲೆ 23 ಬಂತು. ಮೂರನೇ ಬೆಂಚಿನ ಕಿಟಕಿ ಪಕ್ಕದ ಹುಡುಗಿ, ಮಾತು ಕಡಿಮೆ.

'8ನೇ ತಾರೀಖು ಮಿಸ್ ನನ್ನ ಜೊತೆ ಮಾತಾಡಲಿಲ್ಲ.'

ದಿನಾಂಕದ ಕೆಳಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದಿದ್ದಾಳೆ. ದಿನಾಂಕಕ್ಕೆ ಗೆರೆ ಎಳೆಯಬೇಕೆಂದು ಕಲಿಸಿದವಳು ನಾನೇ.

ಸಮಿತಿಯವರು ಆ ಪುಟ ತೆರೆದರೆ ಮುಗಿಯಿತು. ಒಂದು ಸಾಲು, ಮೂರು ವರ್ಷ.

ಸೆಪ್ಟೆಂಬರ್ 14, ಗುರುವಾರ

ಮೂರನೇ ಅವಧಿಯ ನಂತರ ಅವಳನ್ನು ನಲ್ಲಿಯ ಹತ್ತಿರ ಕರೆದೆ.

"ಇದೇನು ಬರ್ದಿದೀಯ?"

"ಏನು ಹೇಳಿದ್ರಿ ಅಂತ ಬರೀಬೇಕಿತ್ತಲ್ಲ ಮಿಸ್."

"ಉಳಿದೋರೆಲ್ಲ ಬರ್ದಿದಾರಲ್ಲ?"

"ಅವ್ರ ಜೊತೆ ಮಾತಾಡಿದ್ರಾ ಮಿಸ್?"

ಕೊಂಕಿನಿಂದ ಕೇಳಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು.

"ನೋಡು, ಈಗ ಮಾತಾಡ್ತಿದೀನಿ. ಪ್ರಬಂಧ ಚೆನ್ನಾಗಿದೆ. ಆ ಸಾಲಿನ ಮೇಲೊಂದು ಬಿಳಿ ಚೀಟಿ ಅಂಟಿಸಿ, ಇದನ್ನ ಬರ್ಕೋ."

ಅವಳು ನೋಟ್‌ಬುಕ್ಕನ್ನು ಎದೆಗೆ ಒತ್ತಿ ಹಿಡಿದಳು.

"ಇವತ್ತಿನ ತಾರೀಖು ಹಾಕ್ಲಾ ಮಿಸ್, 8 ಅಂತಾನೇ ಹಾಕ್ಲಾ?"

ಯಾರೋ ಬಾಟಲಿ ತುಂಬಿಸುತ್ತಿದ್ದರು. ಅದು ತುಂಬಿ ಚೆಲ್ಲಿತು.

"8 ಹಾಕು."

"ಸರಿ ಮಿಸ್."

ಅವಳ ಪ್ರಬಂಧವನ್ನು ನಾನು ಓದಿರಲಿಲ್ಲ.

ಸೆಪ್ಟೆಂಬರ್ 15, ಶುಕ್ರವಾರ

ಬರೆಯಲು ಏನೂ ಇಲ್ಲ. ಇಳಿಯುವ ನಿಲ್ದಾಣ ದಾಟಿಹೋಯಿತು, ಎರಡು ನಿಲ್ದಾಣ ಮುಂದೆ ಇಳಿದು ನಡೆದು ಬಂದೆ. ಬೀಗ ಹಾಕಿದೆನೇ ಎಂದು ಮೂರು ಸಲ ಬಾಗಿಲಿಗೆ ಹೋದೆ. "ಬೀಗ ಓಡಿಹೋಗಲ್ಲ ಬಾ" ಎಂದಳು ಅಕ್ಕ.

ಸೆಪ್ಟೆಂಬರ್ 16, ಶನಿವಾರ

ಚೀಟಿಯನ್ನು ಅಚ್ಚುಕಟ್ಟಾಗಿ ಅಂಟಿಸಿದ್ದಾಳೆ. ಅಂಚಿನಲ್ಲಿ ಅಂಟು ಕೂಡ ಕಾಣುವುದಿಲ್ಲ. ದಿನಾಂಕ 8. ಅದರ ಕೆಳಗೆ ಹಸಿರಿನಲ್ಲಿ:

'ಮಿಸ್ ಹೇಳಿದರು: ನಿನ್ನ ಪ್ರಬಂಧವನ್ನು ಎರಡು ಸಲ ಓದಿದೆ. ನೀನು ಬಸ್ಸಿನಲ್ಲಿ ಸುಮ್ಮನೆ ಕೂತದ್ದು ತಪ್ಪಲ್ಲ.'

ನಾನು ಹೇಳಿದ್ದು 'ಪ್ರಬಂಧ ಚೆನ್ನಾಗಿದೆ' ಎಂಬ ಎರಡು ಶಬ್ದ.

ಹಿಂದಿನ ಪುಟಕ್ಕೆ ತಿರುಗಿಸಿ ಓದಿದೆ. ಅವಳ ಅಮ್ಮ ನಗರದ ಬಸ್ಸಿನ ಚಾಲಕಿ. ರಜೆಯ ದಿನವೊಂದರಲ್ಲಿ ಇವಳು ಹೇಳದೆ ಕೇಳದೆ ಹಿಂದಿನ ಬಾಗಿಲಿನಿಂದ ಹತ್ತಿ, ಟಿಕೆಟ್ ತೆಗೆದುಕೊಂಡು ಕೊನೆಯ ಸೀಟಿನಲ್ಲಿ ಕೂತಿದ್ದಾಳೆ. ಅಮ್ಮ ಕೆಲಸ ಮಾಡುವುದನ್ನು ನೋಡಬೇಕಿತ್ತು. ಅಮ್ಮನ ತಲೆಯ ಮೇಲೊಂದು ಉದ್ದ ಕನ್ನಡಿ. ನಾಲ್ಕು ನಿಲ್ದಾಣದ ನಂತರ ಒಬ್ಬ ಗಂಡಸು ಮುಂದೆ ಹೋಗಿ, ತಾನು ಹೇಳಿದ ಕಡೆ ನಿಲ್ಲಿಸಲಿಲ್ಲವೆಂದು ಕೂಗಾಡಿದ. ಬಾಯಿಗೆ ಬಂದಂತೆ ಅಂದ. ಅಮ್ಮನ ಕುತ್ತಿಗೆ ತಿರುಗಲಿಲ್ಲ. 'ಎಲ್ಲರೂ ನೋಡುತ್ತಿದ್ದರು. ಇವರು ನನ್ನ ಅಮ್ಮ ಎಂದು ನಾನು ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಮನೆಗಿಂತ ಒಂದು ನಿಲ್ದಾಣ ಮೊದಲೇ ಇಳಿದೆ. ಬಸ್ ಓಡಿಸುವುದು ಕಷ್ಟದ ಕೆಲಸ.'

ಇದರ ಕೆಳಗೆ ನನ್ನ ನೀಲಿ ಮುದ್ರೆ, ಸ್ವಲ್ಪ ಓರೆಯಾಗಿ.

ಅಕ್ಕನಿಗೆ ಏನನ್ನೂ ಓದಿ ಹೇಳಲಿಲ್ಲ.

ಸೆಪ್ಟೆಂಬರ್ 18, ಸೋಮವಾರ

ತರಗತಿಗೆ ಬರೆಯಲು ಕೊಟ್ಟು ಮೂರನೇ ಬೆಂಚಿನ ತುದಿಯಲ್ಲಿ ಕೂತೆ. ಕೂರಲು ಆಗುತ್ತಿರಲಿಲ್ಲ, ಬಲಗಾಲು ತಾನಾಗಿಯೇ ಕುಣಿಯುತ್ತಿತ್ತು, ಅದಕ್ಕೆ ಬೆಂಚು ಕುಣಿಯುತ್ತಿತ್ತು, ಅವಳ ಅಕ್ಷರವೂ.

"ನಿನ್ನ ಪ್ರಬಂಧ ಓದಿದೆ."

"ಯಾವಾಗ ಮಿಸ್?"

"ಮೊನ್ನೆ ಶನಿವಾರ."

"ಹ್ಞೂಂ."

ಏನು ಹೇಳಬೇಕೆಂದು ಭಾನುವಾರವಿಡೀ ಬರೆದುಕೊಂಡಿದ್ದೆ, ಏಳು ಅಂಶ. ಒಂದೂ ಬಾಯಿಗೆ ಬರಲಿಲ್ಲ. ಗೊತ್ತಾಗದೆ ಉಳಿದಿದ್ದನ್ನೇ ಕೇಳಿದೆ.

"ಅಮ್ಮ ನಿನ್ನನ್ನ ಕನ್ನಡಿಯಲ್ಲಿ ನೋಡಿದ್ರಾ?"

"ಗೊತ್ತಿಲ್ಲ ಮಿಸ್. ಕೇಳಿಲ್ಲ."

"ಕೇಳ್ಲೇಬೇಕು ಅಂತೇನಿಲ್ಲ."

ಅವಳು ಪುಟ ತಿರುಗಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇದು ಬೇಕಾ ಮಿಸ್? ಬಸ್ ಓಡಿಸೋದು ಕಷ್ಟ ಅನ್ನೋದು?"

"ನಿಂಗೇನನ್ಸುತ್ತೆ?"

"ಅದು ನೀವು ಹೇಳ್ತೀರ ಅಂತ ಬರ್ದೆ."

ಅವಳೇ ಹೊಡೆದುಹಾಕಿದಳು. ನಾಲ್ಕು ನಿಮಿಷವಾಗಿತ್ತು. ಉಳಿದ ನಲವತ್ತು ಜನ ಬರೆಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಚೀಟಿಯ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಸೆಪ್ಟೆಂಬರ್ 20, ಬುಧವಾರ

ಇವತ್ತು ಎಂಟನೇ ಬಿಯಲ್ಲಿ ಐವರ ಹತ್ತಿರ ಕೂತೆ, ಅಥವಾ ಆರು. ಒಬ್ಬನ ಪ್ರಬಂಧದಲ್ಲಿ ಪ್ರತಿ ವಾಕ್ಯವೂ 'ಆಮೇಲೆ' ಎಂದೇ ಶುರುವಾಗುತ್ತದೆ. ಕೆಂಪು ಪೆನ್ನು ಕೈಯಲ್ಲೇ ಇತ್ತು, ತೆರೆಯಲಿಲ್ಲ. ಮೊದಲ 'ಆಮೇಲೆ'ಯನ್ನು ಹೆಬ್ಬೆರಳಿನಿಂದ ಮುಚ್ಚಿ, "ಈಗ ಓದು" ಎಂದೆ. ಓದಿದ. ಎರಡನೆಯದನ್ನು ಮುಚ್ಚಿದೆ. ಮೂರನೆಯದಕ್ಕೆ ಅವನೇ ತನ್ನ ಹೆಬ್ಬೆರಳಿಟ್ಟು ಕಿಸಕ್ಕನೆ ನಕ್ಕ. "ಹನ್ನೊಂದಿದೆ ಮಿಸ್!" ಎಂದ, ಏನೋ ಹಿಡಿದವನ ಹಾಗೆ. ಎರಡನ್ನು ಉಳಿಸಿಕೊಂಡಿದ್ದಾನೆ. ಅವು ಬೇಕೇ ಬೇಕಂತೆ, ಅಲ್ಲಿ ಓದುವವರು ಕಾಯಬೇಕಂತೆ. ಅವನು ಹೇಳಿದ್ದು ಸರಿ.

ಏಳು ಅಂಶ ಹೇಳಿದರೆ ಮಗು ಒಂದನ್ನೂ ಮಾಡುವುದಿಲ್ಲ. ಒಂದು ಹೇಳಿ ಪಕ್ಕದಲ್ಲಿ ಕೂತಿದ್ದರೆ ಅಲ್ಲೇ ಮಾಡುತ್ತದೆ. ಇದನ್ನು ತಿಳಿಯಲು ಹಳೆಯ ಶಾಲೆಗಳದ್ದೂ ಸೇರಿ ಹದಿಮೂರು ವರ್ಷದ ಅನುಭವ ಬೇಕಿರಲಿಲ್ಲ.

ಮಾತಾಡಿದ ಮೇಲೆ ಮುದ್ರೆ ಒತ್ತಿದೆ. ಹೆಬ್ಬೆರಳಿನ ಹುಡುಗ ಹಸಿರಿನಲ್ಲಿ 'ಒಂಬತ್ತು ಆಮೇಲೆ ತೆಗೆದೆ' ಎಂದಷ್ಟೇ ಬರೆದ.

ಸೆಪ್ಟೆಂಬರ್ 22, ಶುಕ್ರವಾರ

ದೊಡ್ಡ ಮೇಡಂ ಒಂಬತ್ತನೇ ಎ ತರಗತಿಯ ನೋಟ್‌ಬುಕ್ ಕಟ್ಟು ಬಿಚ್ಚಿ ನೋಡಿದ್ದಾರೆ.

"ಹತ್ತು ದಿನದಿಂದ ಇಲ್ಲಿ ಕೆಂಪೇ ಇಲ್ಲವಲ್ಲ? ಸಮಿತಿಯವರು ಅಕಸ್ಮಾತ್ ಇದನ್ನೇ ಕೇಳಿದ್ರೆ?"

"ಸರದಿ ಮೇಲೆ ಕೂರಿಸಿ ಮಾತಾಡ್ತಿದೀನಿ ಮೇಡಂ. ಎಲ್ಲರದೂ ಮುಗಿಯೋಕೆ ಮೂರು ವಾರ ಬೇಕು."

"ನಿಯಮ ವಾರಕ್ಕೊಂದ್ಸಲ ಅಂತಿದೆ."

"ವಾರಕ್ಕೊಂದ್ಸಲ ಅಂದ್ರೆ ಮತ್ತೆ ಸುಳ್ಳು ಮುದ್ರೆ ಒತ್ಬೇಕಾಗುತ್ತೆ." ಇದನ್ನು ಮನಸ್ಸಿನಲ್ಲೇ ಅಂದೆ. ಹೇಳಬೇಕೆಂದು ಆಮೇಲೆ ಅವರ ಕೊಠಡಿಯ ಬಾಗಿಲವರೆಗೆ ಹೋಗಿ ತಿರುಗಿ ಬಂದೆ, ಎರಡು ಸಲ.

ಲೆಕ್ಕದ ಮೇಷ್ಟ್ರು ಚಹಾ ಲೋಟ ಹಿಡಿದು ಪಕ್ಕಕ್ಕೆ ಬಂದರು. "ನಿಜವಾಗ್ಲೂ ಮಾತಾಡ್ತಿದೀರಂತೆ? ನಮ್ಮ ಮಾನ ಕಳೀಬೇಡಿ ಮೇಡಂ. ನಾಳೆ ನನ್ನ ಮಕ್ಕಳೂ ಬಂದು, ಸರ್ ನಂಗೇನೂ ಹೇಳಿಲ್ಲ ಅಂದ್ರೆ ನಾನೆಲ್ಲಿಗೆ ಹೋಗ್ಲಿ?"

ತಮಾಷೆಗೆಂದೇ ಶುರು ಮಾಡಿದ್ದರು. ಕೊನೆಗೆ ಬರುವಷ್ಟರಲ್ಲಿ ಮುಖದಲ್ಲಿ ತಮಾಷೆ ಉಳಿದಿರಲಿಲ್ಲ.

ಸೆಪ್ಟೆಂಬರ್ 25, ಸೋಮವಾರ

ಒಂಬತ್ತನೇ ಎ ತರಗತಿಯ 'ಯಾವುದನ್ನು?' ಹುಡುಗನ ಹತ್ತಿರ ಕೂತೆ. ಯಾವುದನ್ನು ಎಂದು ಹೇಳಿದೆ. "ಓ, ಅದಾ!" ಎಂದ.

ಸೆಪ್ಟೆಂಬರ್ 27, ಬುಧವಾರ

ನಾಳೆ. ಆ ಚೀಟಿಯ ಪುಟವನ್ನು ಏನು ಮಾಡುವುದು? ಹರಿದರೆ ಹೊಲಿಗೆಯ ಆ ಬದಿಯ ಪುಟವೂ ಸಡಿಲವಾಗುತ್ತದೆ. ಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಚೀಟಿ ಅಷ್ಟು ಚೆನ್ನಾಗಿ ಅಂಟಿದೆ. ಬಿಡುವುದೇ ಸುಲಭ.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು.

"ಅಂದ್ರೆ ಅಳತೆ ತೆಗೀದೇ ಎಲ್ರಿಗೂ ಸರಿಯಾಗಿದೆ ಅಂತ ಕಳಿಸ್ದೆ. ಅದೊಂದು ಹುಡುಗಿ ಹಾಕ್ಕೊಂಡು ನೋಡಿ, ಬಿಗಿ ಅಂತು."

"ಹ್ಞೂಂ."

"ನನ್ನ ಅಂಗಡಿ ಆಗಿದ್ರೆ ಮೊದಲು ಅವಳಿಗೆ ಕುರ್ಚಿ ಹಾಕ್ತಿದ್ದೆ" ಎಂದು ಮತ್ತೆ ಸೂಜಿಗಳನ್ನು ಬಾಯಿಗಿಟ್ಟುಕೊಂಡಳು.

ಸೆಪ್ಟೆಂಬರ್ 28, ಗುರುವಾರ

ಮೂವರು ಬಂದಿದ್ದರು. ಬೂದು ಕೋಟಿನ ಹಿರಿಯರು, ಇಬ್ಬರು ಹೆಂಗಸರು. ಮಕ್ಕಳ ಎದುರಿನಲ್ಲೇ ಕೂತು ನೋಟ್‌ಬುಕ್ ನೋಡಿದರು. ದೊಡ್ಡ ಮೇಡಂ ಹಿಂದೆ ನಿಂತಿದ್ದರು. ನಾನು ಬೋರ್ಡಿನ ಹತ್ತಿರ, ಕೈಯಲ್ಲಿದ್ದ ಸೀಮೆಸುಣ್ಣವನ್ನು ಪುಡಿ ಮಾಡುತ್ತ.

ಹನ್ನೆರಡನ್ನು ಆರಿಸಿಕೊಂಡರು. ಅವಳದೂ ಇತ್ತು.

ಕೋಟಿನವರು ಓದುತ್ತ ಓದುತ್ತ ಕನ್ನಡಕ ತೆಗೆದರು. "ಇದನ್ನ ಕೇಳಿ" ಎಂದು ಜೊತೆಯವರಿಗೆ ಓದಿ ಹೇಳಿದರು. "'ನೀನು ಬಸ್ಸಿನಲ್ಲಿ ಸುಮ್ಮನೆ ಕೂತದ್ದು ತಪ್ಪಲ್ಲ.' ನೋಡಿ, ಇಂಥ ಸಲಹೆ ಮುದ್ರೆ ಇಲ್ದಿದ್ರೆ ನಮಗೆ ಗೊತ್ತಾಗ್ತಾನೇ ಇರಲಿಲ್ಲ." ದೊಡ್ಡ ಮೇಡಂ ಮುಖ ಅರಳಿತು. ಅವರು ನನ್ನ ಕಡೆ ನೋಡಿ ತಲೆದೂಗಿದ್ದು ಮೂರು ವರ್ಷದಲ್ಲಿ ಅದೇ ಮೊದಲು.

"ಈ ನೋಟ್‌ಬುಕ್ ಯಾರದು? ಎದ್ದು ನಿಲ್ಲಮ್ಮ. ನಿಮ್ಮ ಮಿಸ್ ನಿಂಗೆ ಹೀಗೇ ಹೇಳಿದ್ರಾ?"

ಅವಳು ಎದ್ದು ನಿಂತಳು. ಹಸಿರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು. ನನ್ನ ಕಡೆ ನೋಡಲಿಲ್ಲ. ಕಿವಿಗಳು ಕೆಂಪಾಗಿದ್ದವು. ತರಗತಿ ಪೂರ್ತಿ ಅವಳನ್ನೇ ನೋಡುತ್ತಿತ್ತು. 'ಹೂಂ' ಎನ್ನಲು ಅವಳ ಬಾಯಿ ತೆರೆದದ್ದು ನನಗೆ ಕಾಣಿಸಿತು.

"ನಾನು ಹೇಳಿಲ್ಲ" ಎಂದೆ. ನನ್ನ ಧ್ವನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ಗೊತ್ತಿರಲಿಲ್ಲ. "8ನೇ ತಾರೀಖು ನಾನು ಇವರಲ್ಲಿ ಯಾರ ಜೊತೆಗೂ ಮಾತಾಡಿರಲಿಲ್ಲ ಸರ್. ಯಾರೂ ಇಲ್ಲದಾಗ ಬಂದು ನಲವತ್ತೊಂದಕ್ಕೂ ಮುದ್ರೆ ಒತ್ತಿದೆ. ಇವಳು ಅದನ್ನೇ ಬರೆದಿದ್ದಳು. ಚೀಟಿ ಅಂಟಿಸಿ ಮುಚ್ಚಿಸಿದ್ದು, ಹಳೇ ತಾರೀಖು ಹಾಕಿಸಿದ್ದು ನಾನು. ಕೂತ್ಕೋಮ್ಮಾ ನೀನು."

ಅವಳು ಕೂತಳು. ಕೋಟಿನವರು ಉಗುರಿನಿಂದ ಚೀಟಿಯ ಅಂಚನ್ನು ಎಬ್ಬಿಸಲು ನೋಡಿದರು. ಬರಲಿಲ್ಲ. ಕನ್ನಡಕ ಹಾಕಿಕೊಂಡರು.

"ಮತ್ತೆ ಈ 18, 20, 21, ಇವೆಲ್ಲ?"

"ಅವು ನಿಜ."

"ಹೇಗೆ ನಂಬೋದು?"

ಹಿಂದಿನ ಬೆಂಚಿನಿಂದ ಹೆಬ್ಬೆರಳಿನ ಹುಡುಗ, ಯಾರೂ ಕೇಳದಿದ್ದರೂ, "ನಂದು ಒಂಬತ್ತು ಆಮೇಲೆ ತೆಗೆಸಿದ್ರು ಸರ್" ಎಂದ. ಯಾರೋ ನಕ್ಕರು. ಕೋಟಿನವರು ನಗಲಿಲ್ಲ, ಏನನ್ನೋ ಬರೆದುಕೊಂಡರು.

ಸಂಜೆ ದೊಡ್ಡ ಮೇಡಂ ಕೊಠಡಿಗೆ ಕರೆಸಿದರು. ಕೂರಲು ಹೇಳಲಿಲ್ಲ.

"ಒಂದು ನಿಮಿಷ. ಬಾಯಿ ಮುಚ್ಕೊಂಡು ಒಂದು ನಿಮಿಷ ನಿಂತಿದ್ರೆ ಸಾಕಿತ್ತಲ್ಲ."

"ಅವಳು ಸುಳ್ಳು ಹೇಳ್ಬೇಕಾಗ್ತಿತ್ತು ಮೇಡಂ."

"ಮಕ್ಕಳು ದಿನಾ ಹೇಳ್ತಾರೆ."

"ನಾನು ಒಂದ್ಸಲ ಹೇಳಿಸಿ ಆಗಿತ್ತು."

ಅವರು ಕಿಟಕಿಯ ಕಡೆ ತಿರುಗಿದರು. "ಹೋಗಿ" ಎಂದರು. ಸಿಟ್ಟಿನಿಂದಲೇ, ಆದರೆ ಮೆಲ್ಲಗೆ.

ಅಕ್ಟೋಬರ್ 3, ಮಂಗಳವಾರ

ಒಂಬತ್ತನೇ ಸಿ ತರಗತಿಯಲ್ಲೊಬ್ಬಳು ಪ್ರತಿ ಪ್ರಬಂಧವನ್ನೂ ಹವಾಮಾನದಿಂದ ಶುರು ಮಾಡುತ್ತಾಳೆ. ಮೂರನೇ ವಾಕ್ಯವನ್ನು ತೋರಿಸಿ, "ಇಲ್ಲಿಂದ ಓದಿದ್ರೆ ಏನಾದ್ರೂ ಕಳೆದುಹೋಗುತ್ತಾ?" ಎಂದು ಕೇಳಿದೆ. ಯೋಚಿಸಿ, "ಮೋಡ" ಎಂದಳು. ದಾರಿಯುದ್ದಕ್ಕೂ ನಗು ಬರುತ್ತಿತ್ತು. ಬಸ್ಸಿನಲ್ಲಿ ಎದುರಿಗಿದ್ದವರು ಏನೆಂದುಕೊಂಡರೋ.

ಅಕ್ಟೋಬರ್ 6, ಶುಕ್ರವಾರ

ಎಂಟನೇ ಬಿ ತರಗತಿಯಲ್ಲಿ ಮೊದಲ ಸುತ್ತು ಮುಗಿಯಿತು. ತಲೆ ಸವರಿದರೆಂದು ಬರೆದವಳೇ ಕೊನೆಯವಳು. ಅವಳು ಸಂಭಾಷಣೆ ಬರೆದರೆ ಎಲ್ಲರೂ ಒಂದೇ ರೀತಿ ಮಾತಾಡುತ್ತಾರೆ, ಅಜ್ಜಿಯೂ ಪೊಲೀಸನೂ. ಅಜ್ಜಿಯ ಹಾಗೆ ಮಾತಾಡಿ ತೋರಿಸು ಎಂದೆ. ತೋರಿಸಿದಳು, ಅರ್ಧ ತರಗತಿ ಬಿದ್ದು ಬಿದ್ದು ನಕ್ಕಿತು. ಅದನ್ನೇ ಬರೆ ಎಂದೆ.

ಸಮಿತಿಯ ಪತ್ರ ನಿನ್ನೆಯೇ ಬಂದಿತ್ತು, ಬರೆಯಲು ಮರೆತೆ. ಕಾಯಂ ಇಲ್ಲ. ಮಾರ್ಚ್‌ವರೆಗೆ ತಾತ್ಕಾಲಿಕ, ನಂತರ ಪುನರ್‌ಪರಿಶೀಲನೆ. ಅಕ್ಕ ಎರಡು ಸಲ ಓದಿ, "ತೆಗೆದುಹಾಕಿಲ್ವಲ್ಲ, ಅಷ್ಟೇ ಸಾಕು ಬಿಡು" ಎಂದಳು. ಆಮೇಲೆ ಯಂತ್ರವನ್ನು ವಿಪರೀತ ಜೋರಾಗಿ ತುಳಿದಳು.

ಬಸ್ಸಿನ ಹುಡುಗಿಯ ಸರದಿ ಇರಲಿಲ್ಲ. ಅವಧಿ ಮುಗಿಯುವಾಗ ಅವಳೇ ಸರಿದು ಬೆಂಚಿನ ತುದಿ ಖಾಲಿ ಮಾಡಿ ನನ್ನ ಕಡೆ ನೋಡಿದಳು. ಹೋಗಿ ಕೂತೆ.

"ಅಮ್ಮನ್ನ ಕೇಳ್ದೆ ಮಿಸ್."

"ನೋಡಿದ್ರಂತಾ?"

"ಹತ್ತಿದಾಗ್ಲೇ ನೋಡಿದ್ರಂತೆ."

"ಏನಂದ್ರು?"

ಹೇಳಿದಳು. ಹೇಳುವಾಗ ಡೆಸ್ಕಿನ ಮೇಲಿದ್ದ ಗೀರನ್ನು ಬೆರಳಿನಿಂದ ಉಜ್ಜುತ್ತಿದ್ದಳು. ಚಿಕ್ಕ ಮಾತು, ಒಂದೇ ವಾಕ್ಯ. ಗಂಟೆ ಹೊಡೆಯಿತು. ಮಕ್ಕಳು ಎದ್ದರು.

"ಇದನ್ನ ಬರಿಯಲ್ಲ ಮಿಸ್. ನಿಮಗೆ ಹೇಳಿದ್ದು ಅಷ್ಟೇ."

"ಬರೀಬೇಡ."

"ಮುದ್ರೆ ಒತ್ತಿದ್ರೆ ಬರೀಬೇಕಲ್ಲ?"

"ಒತ್ತಲ್ಲ."

ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಅವಳ ಅಮ್ಮ ಹೇಳಿದ ಮಾತನ್ನು ನಾನೂ ಇಲ್ಲಿ ಬರೆಯುವುದಿಲ್ಲ.